ಮಲ್ಲಿಗೆ ಕಟ್ಟುವ ದಾರದಷ್ಟು

ಆಕೆ ಬಸ್ ಕಂಡಕ್ಟರ್. ಕತ್ತಿನ ಎಡಗಡೆ ನಿಂಬೆಹಣ್ಣಿನಷ್ಟು ಥೈರಾಯ್ಡ್ ಗಡ್ಡೆ. ನಾನಾಗ ಎರಡನೇ ವರ್ಷದ ಪಿಜಿ ವೈದ್ಯ ವಿದ್ಯಾರ್ಥಿ, ಆಪರೇಷನ್‌ಗೆ ಸಹಿ ಹಾಕಿಸುವ ಕೆಲಸ ನನ್ನದು. 'ಸ್ವರ ಬದಲಾಗಬಹುದು' ಅನ್ನೋ ಸಾಲನ್ನು ಗಡಿಬಿಡಿಯಲ್ಲಿ ಓದಿದೆ. ಆಕೆ ಪೆನ್ನು ಕೆಳಗಿಟ್ಟರು. "ಗಂಟಲು ಹೋಗಲ್ಲ ತಾನೇ ಡಾಕ್ಟ್ರೇ? ರೈಟ್ ರೈಟ್ ಅನ್ನೋಕಾದ್ರೂ ಬೇಕಲ್ಲ."

ಸ್ವರತಂತುಗಳನ್ನು ಅಲುಗಾಡಿಸುವ ನರ ಥೈರಾಯ್ಡ್‌ಗೆ ಅಂಟಿಕೊಂಡಂತೆಯೇ ಹೋಗುತ್ತದೆ, ಅದಕ್ಕೆ ಪೆಟ್ಟಾದರೆ ಸ್ವರ ಕೆಡುತ್ತದೆ. ಈ ನರದ ದಾರಿಯೇ ವಿಚಿತ್ರ. ಸೀದಾ ಬರುವುದು ಬಿಟ್ಟು, ಮೆದುಳಿನಿಂದ ಬರುವ ವೇಗಸ್ ನರದ ಜೊತೆ ಎದೆಗೆ ಇಳಿದು, ಎಡಗಡೆ ಮಹಾಅಪಧಮನಿಯ ಕಮಾನಿಗೆ ಸುತ್ತು ಹಾಕಿ ಮತ್ತೆ ಕತ್ತಿಗೆ ಹತ್ತುತ್ತದೆ. ಗರ್ಭದಲ್ಲಿ ಹೃದಯ ಕೆಳಗಿಳಿಯುವಾಗ ಇದನ್ನೂ ಎಳೆದುಕೊಂಡು ಹೋಗಿರುತ್ತದೆ, ಅಷ್ಟೇ. ಬಲಗಡೆ ಸುತ್ತು ಚಿಕ್ಕದು. ಅಲ್ಲಿ ಅಪರೂಪಕ್ಕೆ ಕೆಲವರಲ್ಲಿ ಸುತ್ತೇ ಇರುವುದಿಲ್ಲ. ಅದು ಇನ್ನೊಂದು ತಲೆನೋವು.

ಮರುದಿನ ಗಡ್ಡೆಯನ್ನು ಮಧ್ಯಕ್ಕೆ ಎತ್ತಿ ಹಿಡಿದು, ಶ್ವಾಸನಾಳ ಅನ್ನನಾಳದ ನಡುವಿನ ಸಂದಿಯಲ್ಲಿ ಹುಡುಕಿದೆ. ಬಿಳಿ ಎಳೆಯೊಂದು ಕಂಡಿತು.

"ಇದೇ ನರ ಮೇಡಂ," ಅಂದೆ ಎದುರು ನಿಂತಿದ್ದ ಸೀನಿಯರ್ ಸರ್ಜನ್‌ಗೆ.

"ಸುಮ್ನೆ ಎರಡು ನಿಮಿಷ ನೋಡು."

ನೋಡಿದೆ. ಮಿಡಿಯುತ್ತಿತ್ತು! ಥೈರಾಯ್ಡ್‌ನ ಕೆಳಗಿನ ಅಪಧಮನಿಯ ಕವಲು.

"ರಕ್ತನಾಳ ನಂಬಿ ನರ ಹುಡುಕ್ಬೇಡ. ಒಬ್ಬರಲ್ಲಿ ನರ ಅದರ ಮುಂದೆ ಇರುತ್ತೆ, ಇನ್ನೊಬ್ಬರಲ್ಲಿ ಹಿಂದೆ."

ಗ್ರಂಥಿಯ ಹಿಂಬದಿಯಲ್ಲಿ ಕಡಲೆಕಾಳಿನಷ್ಟು ಉಬ್ಬು ಇತ್ತು. 1902ರಲ್ಲಿ ಅದನ್ನು ವಿವರಿಸಿದ ಅಂಗರಚನಾ ತಜ್ಞ ಜುಕರ್‌ಕಾಂಡ್ಲ್ ಹೆಸರೇ ಅದಕ್ಕೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಮೇಡಂ ಅದನ್ನು ಮೆಲ್ಲಗೆ ಮಗುಚಿದರು. ಅಡಿಯಲ್ಲೇ ಮಲಗಿತ್ತು ನರ. ಮಲ್ಲಿಗೆ ಕಟ್ಟುವ ದಾರಕ್ಕಿಂತ ಸ್ವಲ್ಪ ದಪ್ಪ. ಮೈಮೇಲೆ ಕೂದಲೆಳೆಯಂಥ ಕೆಂಪು ಗೆರೆ. ಮಿಡಿತ ಇಲ್ಲ.

ಕಷ್ಟ ಇರುವುದು ಆಮೇಲೆ. ಗ್ರಂಥಿಯನ್ನು ಶ್ವಾಸನಾಳಕ್ಕೆ ಬಿಗಿಯುವ ಬೆರಿ ಲಿಗಮೆಂಟ್‌ಗೆ ನರ ತೀರಾ ಅಂಟಿಕೊಂಡೇ ಹೋಗುತ್ತದೆ. ಅಲ್ಲೇ ರಕ್ತ ಜಿನುಗಿತು. ಕರೆಂಟ್‌ನಿಂದ ಸುಟ್ಟು ರಕ್ತ ನಿಲ್ಲಿಸುವ ಕಾಟರಿಗೆ ನಾನು ಕೈ ಚಾಚಿದೆ.

"ಕರೆಂಟ್ ಬೇಡ. ಗಾಜ್ ಬಟ್ಟೆ ಇಟ್ಟು ಒತ್ತು."

ಐದು ನಿಮಿಷ ಒತ್ತಿ ನಿಂತೆ. ಯಾರೂ ಮಾತಾಡಲಿಲ್ಲ. ಗಾಜ್ ತೆಗೆದಾಗ ರಕ್ತ ನಿಂತಿತ್ತು. ಅಲ್ಲಿಂದ ಮೇಲಕ್ಕೆ, ಸ್ವರಪೆಟ್ಟಿಗೆಯೊಳಗೆ ನುಗ್ಗುವ ಜಾಗದವರೆಗೂ ನರವನ್ನು ಕಣ್ಣಲ್ಲೇ ಹಿಂಬಾಲಿಸಿದೆವು. ತುಂಡಾಗಿರಲಿಲ್ಲ. ಆದರೆ ತುಂಡಾಗದ ನರವೂ ಎಳೆತಕ್ಕೆ ಸುಸ್ತಾಗಿ ಕೈಕೊಡಬಹುದು, ಅದಕ್ಕೇ ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಬೆಳಿಗ್ಗೆ ವಾರ್ಡಿನಲ್ಲಿ ಆಕೆಗೆ ಲೋಟದಲ್ಲಿ ನೀರು ಕೊಟ್ಟೆ. ಆ ಕಡೆಯ ಸ್ವರತಂತು ಅಲುಗಾಡದಿದ್ದರೆ ನೀರು ಅಡ್ಡದಾರಿ ಹಿಡಿದು ಕೆಮ್ಮು ಬರುವುದುಂಟು. ಆಕೆ ಗಟಗಟ ಕುಡಿದರು. ಕೆಮ್ಮಲಿಲ್ಲ.

"ಈಗ 'ಈ' ಅನ್ನಿ ನೋಡೋಣ."

"ಅದಿರಲಿ ಡಾಕ್ಟ್ರೇ, ಉಪ್ಪಿಟ್ಟು ಎಷ್ಟೊತ್ತಿಗೆ ಕೊಡ್ತಾರೆ?"

ಪಕ್ಕದ ಎರಡು ಮಂಚದವರೂ ತಿರುಗಿ ನೋಡಿದರು.