ಕೆ ಮೇಲೊಂದು ಹೆಬ್ಬೆರಳು

ಸಂಜೆ ಮಗಳು ಸ್ಕೂಲಿಂದ ತಂದ ಇಂಗ್ಲಿಷ್ ಕತೆಪುಸ್ತಕ ಹಿಡಿದು ಪಕ್ಕದಲ್ಲಿ ಕೂತಳು. ಬೆರಳಿಟ್ಟು ಓದ್ತಾ ಓದ್ತಾ ಒಂದು ಕಡೆ ಗಕ್ಕನೆ ನಿಂತಳು.

"ಕ್ನಿಗ್ಟ್."

"ನೈಟ್ ಕಣೇ. ಕುದುರೆ ಮೇಲಿನ ವೀರ."

"ಮತ್ತೆ ಈ ಕೆ?"

"ಅದು ಮಾತಾಡಲ್ಲ. ಜಿ, ಎಚ್ ಕೂಡ."

ಸರಿ, ಎಡಗೈ ಹೆಬ್ಬೆರಳಲ್ಲಿ ಕೆ ಮುಚ್ಚಿದಳು. ಬಲಗೈ ತೋರುಬೆರಳಲ್ಲಿ ಜಿ, ಎಚ್ ಎರಡನ್ನೂ ಮುಚ್ಚಿದಳು. ಉಳಿದಿದ್ದನ್ನ ನೋಡಿ ಗಟ್ಟಿಯಾಗಿ ಓದಿದಳು: "ನಿಟ್!"

ನಾನು ಹೇಳಿದ್ದನ್ನೇ ಮಾಡಿದ್ದಾಳೆ, ಪಾಪ. ತಪ್ಪು ನನ್ನದೇ. ಐ, ಜಿ, ಎಚ್ ಮೂರೂ ಸೇರಿ ಅಲ್ಲಿ ಒಂದೇ ಸದ್ದು. ಇರೋ 26 ಅಕ್ಷರದಲ್ಲಿ ಸುಮಾರು 44 ಸದ್ದು ಹೊರಡಿಸಬೇಕು ಅಂದ್ರೆ ಹೀಗೇ ಜೋಡಿ ಕಟ್ಟಬೇಕಲ್ಲ! ಆ ಕೆಯನ್ನಂತೂ ಹಿಂದೆ ನಿಜವಾಗ್ಲೂ ಉಚ್ಚರಿಸ್ತಿದ್ರು. ನಾಲಿಗೆ ಬಿಟ್ಟಿತು, ಬರವಣಿಗೆ ಬಿಡಲಿಲ್ಲ. ಕನ್ನಡದಲ್ಲಿ ಬರೆದ ಹಾಗೇ ಓದಿ ರೂಢಿಯಾದ ಮಗುಗೆ ಇದೊಂಥರಾ ಮೋಸ.

ಅವಳ ಟೀಚರ್ ಹೇಳಿದ್ದು ನೆನಪಾಯ್ತು. ಮನೇಲಿ ಮೊದಲು ಚಿತ್ರ ನೋಡಿ ಕನ್ನಡದಲ್ಲೇ ಕತೆ ಮಾತಾಡಿ, ಆಮೇಲೆ ಓದಿಸಿ ಅಂತ. ಪುಸ್ತಕ ಮತ್ತೆ ಮೊದಲಿಂದ ತೆಗೆದ್ವಿ. ವೀರ ಯಾಕೆ ಅಳ್ತಿದ್ದಾನೆ, ಕುದುರೆ ಎಲ್ಲಿ ಹೋಯ್ತು, ಎಲ್ಲಾ ಚರ್ಚೆ ಆಯ್ತು. (ಕುದುರೆದೇ ತಪ್ಪಂತೆ.) ಎರಡನೇ ಸಲ ಓದುವಾಗ ಆ ಪದದ ಹತ್ರ ತಡವರಿಸಲೇ ಇಲ್ಲ. ನಾನೂ ಬಾಯಿ ಹಾಕಲಿಲ್ಲ.

ಮುಂದಿನ ಪುಟದಲ್ಲಿ ವೀರ ಬಿದ್ದು ಮಂಡಿ ತರಚಿಕೊಂಡಿದ್ದ. ಮಂಡಿಗೆ ಇಂಗ್ಲಿಷಲ್ಲಿ "ನೀ" (knee) ಅನ್ನೋ ಪದ. ನಾನು ನೋಡೋಷ್ಟರಲ್ಲಿ ಹೆಬ್ಬೆರಳು ಆಗಲೇ ಕೆ ಮೇಲಿತ್ತು.