ಸಂಜೆ ಐದೂವರೆಗಾಗಿ ಕಟ್ಟಿದ ದಿನ

ನನ್ನ ಅಕ್ಕನ ಮಗ ದಕ್ಷಿಣ ಇಂಗ್ಲೆಂಡಿನ ಒಂದು ಕ್ಯಾಥೆಡ್ರಲ್‌ನ ಗಾಯಕವೃಂದದಲ್ಲಿ ಹಾಡುತ್ತಾನೆ. ಅದಕ್ಕೆ ಸೇರಿದ ಶಾಲೆಯ ಹಾಸ್ಟೆಲ್‌ನಲ್ಲಿದ್ದು ಓದುತ್ತಾನೆ. ಅಕ್ಕ, ಭಾವ ಇರುವುದು ದೂರದ ಲೀಡ್ಸ್‌ನಲ್ಲಿ. ಶಾಲೆಗೆ ಹತ್ತಿರವಿರುವವಳು ನಾನೊಬ್ಬಳೇ ಆದ್ದರಿಂದ ಬಿಡುವಿನ ಮಧ್ಯಾಹ್ನಗಳಲ್ಲಿ ಅವನನ್ನು ಮನೆಗೆ ಕರೆತಂದು ಚಿತ್ರಾನ್ನ ಮಾಡಿ ಬಡಿಸುವುದು ನನ್ನ ಪಾಲಿಗೆ ಬಂದಿದೆ. ಊರಿನಿಂದ ಫೋನ್ ಮಾಡುವ ನೆಂಟರು ಹುಡುಗ ಚರ್ಚಿನಲ್ಲಿ ಭಜನೆ ಹೇಳುತ್ತಾನೆಂದು ಅಕ್ಕರೆಯಿಂದ ಆಡಿಕೊಳ್ಳುತ್ತಾರೆ. ಆದರೆ ಅವನ ದಿನಚರಿಯನ್ನು ಹತ್ತಿರದಿಂದ ನೋಡಿದ ನನಗೆ ಅದು ಹವ್ಯಾಸವಾಗಿ ಕಂಡಿಲ್ಲ. ಹನ್ನೆರಡು ವರ್ಷದ ಹುಡುಗನೊಬ್ಬನ ಉದ್ಯೋಗವಾಗಿಯೇ ಕಂಡಿದೆ.

ಬೆಳಿಗ್ಗೆ ಏಳಕ್ಕೆ ಎದ್ದು, ತಿಂಡಿಗೆ ಮೊದಲೇ ಪಿಯಾನೋ ಅಥವಾ ಚೆಲ್ಲೋ ಎಂಬ ದೊಡ್ಡ ತಂತಿವಾದ್ಯದ ಅಭ್ಯಾಸ ಮುಗಿಸಬೇಕು. ಎಂಟೂಕಾಲಿಗೆ ಗಾಯನದ ತಾಲೀಮು, ಒಂಬತ್ತರಿಂದ ಉಳಿದೆಲ್ಲ ಮಕ್ಕಳಂತೆ ಗಣಿತ, ಫ್ರೆಂಚ್, ವಿಜ್ಞಾನ, ಆಟ. ಶಾಲೆ ಬಿಟ್ಟ ಮೇಲೆ ಉಳಿದವರು ಮನೆಗೆ ಹೊರಡುವ ಹೊತ್ತಿನಲ್ಲಿ ಇವರು ಕ್ಯಾಸಕ್ ಎಂಬ ಉದ್ದನೆಯ ನಿಲುವಂಗಿ, ಅದರ ಮೇಲೊಂದು ಬಿಳಿಯ ಸರ್‌ಪ್ಲಿಸ್ ತೊಟ್ಟು ಮತ್ತೊಮ್ಮೆ ತಾಲೀಮು ಮಾಡಿ, ಐದೂವರೆಗೆ ಈವನ್‌ಸಾಂಗ್ ಎಂಬ ಸಂಜೆಯ ಪ್ರಾರ್ಥನೆಗೆ ಸಾಲಾಗಿ ನಡೆದು ಹೋಗುತ್ತಾರೆ. ಮುಕ್ಕಾಲು ಗಂಟೆಯ ಆ ಪ್ರಾರ್ಥನೆ ಮುಗಿದ ಮೇಲೆ ಊಟ, ಹೋಂವರ್ಕ್, ನಿದ್ದೆ. ವಾರದಲ್ಲಿ ಒಂದು ಸಂಜೆ ಬಿಡುವು. ಭಾನುವಾರ ಮಾತ್ರ ಎರಡು ಬಾರಿ ಹಾಡಬೇಕು.

ಈ ಈವನ್‌ಸಾಂಗ್‌ನ ವಿನ್ಯಾಸ ಇಂಗ್ಲೆಂಡಿನ ಚರ್ಚಿನ 1662ರ ಪ್ರಾರ್ಥನಾ ಪುಸ್ತಕದ್ದು. ಅದರಲ್ಲಿ ಬೈಬಲಿನ 150 ಕೀರ್ತನೆಗಳನ್ನು ಮೂವತ್ತು ದಿನಗಳ ಬೆಳಗು ಮತ್ತು ಸಂಜೆಗಳಿಗೆ ಹಂಚಲಾಗಿದೆ. ತಿಂಗಳ ಹದಿನೈದನೆಯ ಸಂಜೆಗೆ ಬರುವ 78ನೇ ಕೀರ್ತನೆಯಲ್ಲಿ 73 ವಚನಗಳಿವೆ. ಹದಿನೈದನೇ ತಾರೀಖು ಎಂದರೆ ಮಕ್ಕಳು ಮುಖ ಕಿವುಚುವುದು ಅದಕ್ಕಾಗಿ. ಕೀರ್ತನೆಗಳ ಗದ್ಯದ ಸಾಲುಗಳು ಸಮನಾಗಿಲ್ಲ, ಒಂದರಲ್ಲಿ ಆರು ಪದಗಳಿದ್ದರೆ ಇನ್ನೊಂದರಲ್ಲಿ ಇಪ್ಪತ್ತು. ಅವೆಲ್ಲವನ್ನೂ ಒಂದೇ ಚಿಕ್ಕ ರಾಗಕ್ಕೆ ಹೊಂದಿಸಿ, ಸಾಲಿನ ಬಹುಭಾಗವನ್ನು ಒಂದೇ ಸ್ವರದ ಮೇಲೆ ಮಾತಿನ ಲಯದಲ್ಲಿ ನುಡಿದು, ಕೊನೆಯ ಕೆಲವು ಪದಗಳಲ್ಲಿ ಮಾತ್ರ ಸ್ವರ ಬದಲಿಸಿ ನಿಲ್ಲಿಸಬೇಕು. ನಮ್ಮಲ್ಲಿ ಕುಮಾರವ್ಯಾಸನನ್ನು ಓದುವ ಗಮಕಿಗಳು ಪದದ ಅರ್ಥ ಕೆಡದಂತೆ ರಾಗವನ್ನು ಹಿಗ್ಗಿಸಿ ಕುಗ್ಗಿಸುವುದನ್ನು ಕೇಳಿ ಬೆಳೆದವಳಾದ ನನಗೆ ಇದರ ಕಷ್ಟ ತಟ್ಟನೆ ತಿಳಿಯಿತು. ಗಮಕಿ ಒಬ್ಬನೇ ಇರುತ್ತಾನೆ, ತನಗೆ ಬೇಕಾದಲ್ಲಿ ನಿಲ್ಲುತ್ತಾನೆ. ಇಲ್ಲಿಯೋ ಎದುರುಬದುರಾಗಿ ಡೆಕೆನೈ, ಕ್ಯಾಂಟೋರಿಸ್ ಎಂಬ ಎರಡು ಪಂಗಡಗಳಲ್ಲಿ ನಿಂತ ಮಕ್ಕಳೂ ಅವರ ಹಿಂದಿನ ವಯಸ್ಕ ಗಾಯಕರೂ ಒಂದೇ ಕ್ಷಣದಲ್ಲಿ ಉಸಿರೆಳೆದು ಒಂದೇ ಕ್ಷಣದಲ್ಲಿ ವ್ಯಂಜನವನ್ನು ಮುಗಿಸಬೇಕು.

ಇದನ್ನು ಯಾರೂ ಪಾಠದಂತೆ ಬಿಡಿಸಿ ಕಲಿಸುವುದಿಲ್ಲ. ಎಂಟು ವರ್ಷದ ಹೊಸಬನನ್ನು ಪ್ರೊಬೇಷನರ್ ಎಂದು ಸೇರಿಸಿಕೊಂಡು ದೊಡ್ಡ ಹುಡುಗನೊಬ್ಬನ ಪಕ್ಕದಲ್ಲಿ ನಿಲ್ಲಿಸುತ್ತಾರೆ. ದೊಡ್ಡವನು ಪುಟದ ಮೇಲೆ ಬೆರಳಿಟ್ಟು ತೋರಿಸುತ್ತಾ ಹೋಗುತ್ತಾನೆ, ಚಿಕ್ಕವನು ಕೇಳುತ್ತಾ ಹಿಂಬಾಲಿಸುತ್ತಾನೆ. ತಾಲೀಮಿನಲ್ಲಿ ತಪ್ಪು ಸ್ವರ ಹಾಡಿದವನು ಹಾಡುತ್ತಲೇ ಒಂದು ಕೈ ಎತ್ತಿ ಇಳಿಸುತ್ತಾನೆ. ತಪ್ಪು ನನಗೆ ಗೊತ್ತಾಯಿತು, ನಿಲ್ಲಿಸಬೇಡಿ ಎಂದು ಅದರರ್ಥ. ಗುರುಗಳು ಬೈಯುವುದಿಲ್ಲ, ಸಮಯವೂ ಹಾಳಾಗುವುದಿಲ್ಲ. ಈ ಒಂದು ಪದ್ಧತಿಗಾಗಿ ನಾನು ಆ ಶಾಲೆಯ ಎಷ್ಟೋ ಕೊರತೆಗಳನ್ನು ಮನ್ನಿಸಬಲ್ಲೆ. ನಾಲ್ಕು ವರ್ಷಗಳ ಕೊನೆಗೆ ಇವರು ಬೆಳಿಗ್ಗೆ ಮೊದಲ ಬಾರಿ ಕಂಡ ಹದಿನಾರನೇ ಶತಮಾನದ ವಿಲಿಯಂ ಬರ್ಡ್‌ನ ರಚನೆಯನ್ನು ಸಂಜೆ ಜನರೆದುರು ಹಾಡಬಲ್ಲವರಾಗಿರುತ್ತಾರೆ.

ಹಿಂದೂ ಮನೆಯ ಹುಡುಗ ದಿನವೂ ಕ್ರೈಸ್ತ ಪ್ರಾರ್ಥನೆ ಹಾಡುವುದರ ಬಗ್ಗೆ ನಮ್ಮಮ್ಮನಿಗೆ ಕಸಿವಿಸಿಯಿತ್ತು. ಆ ಶಾಲೆ ಎಲ್ಲ ಮತದ ಮಕ್ಕಳನ್ನೂ ಸೇರಿಸಿಕೊಳ್ಳುತ್ತದೆ, ಪ್ರಾರ್ಥನೆಯಲ್ಲಿ ಪಾಲ್ಗೊಳ್ಳಬೇಕು ಅಷ್ಟೆ. ಅವನನ್ನೇ ಕೇಳಿದಾಗ, "ಚಿಕ್ಕಮ್ಮ, ಲ್ಯಾಟಿನ್ ಉಚ್ಚಾರ ತಪ್ಪದ ಹಾಗೆ ನೋಡಿಕೊಳ್ಳುವುದರಲ್ಲೇ ನನ್ನ ತಲೆ ತುಂಬಿರುತ್ತೆ" ಎಂದ.

ಎಂಟನೆಯ ವಯಸ್ಸಿಗೇ ಮನೆ ಬಿಡುವುದು ಸರಿಯೇ ಎಂಬ ಪ್ರಶ್ನೆ ಮಾತ್ರ ನನ್ನಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಹಿಂದಿನ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್‌ನ ಹುಡುಗರಿಗೆ ನೆಟ್ಟಗೆ ಓದೂ ಇಲ್ಲ, ನೋಡಿಕೊಳ್ಳುವವರೂ ಇಲ್ಲ ಎಂಬುದನ್ನು ಕಂಡ ಮರಿಯಾ ಹ್ಯಾಕೆಟ್ (1783–1874) ಎಂಬ ಮಹಿಳೆ ಅಧಿಕಾರಿಗಳಿಗೆ ಪತ್ರದ ಮೇಲೆ ಪತ್ರ ಬರೆದು, ದೇಶದ ಕ್ಯಾಥೆಡ್ರಲ್‌ಗಳನ್ನು ಸುತ್ತಿ, ಜೀವಮಾನವಿಡೀ ಈ ಮಕ್ಕಳ ಪರವಾಗಿ ಹೋರಾಡಿದರು. ಹೆಣ್ಣುಮಕ್ಕಳ ಸರದಿಯಂತೂ ಬಹಳ ತಡವಾಗಿ ಬಂತು: ಇಂಗ್ಲೆಂಡಿನ ಕ್ಯಾಥೆಡ್ರಲ್‌ಗಳ ಪೈಕಿ ಸಾಲ್ಸ್‌ಬರಿಯಲ್ಲಿ ಬಾಲಕಿಯರ ಸ್ವತಂತ್ರ ವೃಂದ ಶುರುವಾದದ್ದು 1991ರಲ್ಲಿ. ಅಲ್ಲಿನ ಶಾಲೆ ತನ್ನ ಹುಟ್ಟನ್ನು 1091ಕ್ಕೆ ಒಯ್ಯುತ್ತದೆ. ಒಂಬೈನೂರು ವರ್ಷ ಕಾಯಬೇಕಾಯಿತು ಎಂದಾಯಿತು. ಇಂದು ಹಾಸ್ಟೆಲ್‌ನಲ್ಲಿ ನರ್ಸ್ ಇದ್ದಾರೆ, ಅಮ್ಮನಿಗೆ ಫೋನ್ ಮಾಡಲು ಹೊತ್ತಿದೆ, ಆದರೂ ಡಿಸೆಂಬರ್‌ನಲ್ಲಿ ಉಳಿದ ಮಕ್ಕಳೆಲ್ಲ ರಜೆಗೆ ಹೋದ ಮೇಲೆ ಇವರು ಮಾತ್ರ ಖಾಲಿ ಶಾಲೆಯಲ್ಲಿ ಉಳಿದು ಕ್ರಿಸ್‌ಮಸ್ ದಿನದ ಬೆಳಗಿನ ಪ್ರಾರ್ಥನೆ ಮುಗಿಸಿಯೇ ಮನೆಗೆ ಹೊರಡಬೇಕು. ಅಕ್ಕ ಅಂದು ಕ್ಯಾಥೆಡ್ರಲ್‌ನ ಹಿಂದಿನ ಸಾಲಿನಲ್ಲಿ ಕೂತು ಅಳುತ್ತಾಳೆ. ಹುಡುಗನಿಗೆ ಮಾತ್ರ ಆ ದಿನಗಳೇ ವರ್ಷದಲ್ಲಿ ಅತ್ಯಂತ ಇಷ್ಟ. ಪಾಠವಿಲ್ಲ, ಸಿನಿಮಾ ಇದೆ, ಆಟವಿದೆ.

ಈಗ ಅವನ ದನಿ ಒಡೆಯತೊಡಗಿದೆ. ಎಂಟನೆಯ ವಯಸ್ಸಿನಲ್ಲಿ, 1740ರಲ್ಲಿ, ವಿಯೆನ್ನಾದ ಸೇಂಟ್ ಸ್ಟೀಫನ್ಸ್ ಕ್ಯಾಥೆಡ್ರಲ್‌ನ ಗಾಯಕವೃಂದ ಸೇರಿದ್ದ, ಮುಂದೆ ಹೆಸರಾಂತ ಸಂಗೀತ ರಚನಕಾರನಾದ ಹೈಡನ್‌ನನ್ನು ದನಿ ಒಡೆದದ್ದಕ್ಕೆ ಹೊರಗೆ ಕಳಿಸಿದ್ದು 1749ರಲ್ಲಿ, ಅವನಿಗೆ ಹದಿನೇಳಾಗಿದ್ದಾಗ. ಇಂದಿನ ಹುಡುಗರಿಗೆ ಅಷ್ಟು ಕಾಲಾವಕಾಶ ಸಿಗುವುದಿಲ್ಲ, ಹದಿಮೂರಕ್ಕೆ ಹೇಗಿದ್ದರೂ ಶಾಲೆ ಬದಲಾಗುತ್ತದೆ. ಮುಂದಿನ ಶಾಲೆಯ ಸಂಗೀತ ವಿದ್ಯಾರ್ಥಿವೇತನದ ಪರೀಕ್ಷೆ ಜನವರಿಯಲ್ಲಿದೆ. ಅಲ್ಲಿಯವರೆಗೆ ಮೇಲಿನ ಸ್ವರಗಳು ಉಳಿಯುತ್ತವೆಂಬ ಭರವಸೆ ಇಲ್ಲದ್ದರಿಂದ ಚೆಲ್ಲೋ ಅಭ್ಯಾಸವನ್ನು ದುಪ್ಪಟ್ಟು ಮಾಡಿದ್ದಾನೆ, ಬಿಡುವಿನ ಮಧ್ಯಾಹ್ನ ನಮ್ಮ ಮನೆಗೆ ಬರುವಾಗಲೂ ಅದನ್ನು ಹೊತ್ತೇ ತರುತ್ತಾನೆ.