ರಾಮಪತ್ರೆ ಜಡ್ಡಿಯ ಸಸಿಗಳು: ಬೀಜದಿಂದ ಕೊಟ್ಟೆಯವರೆಗೆ

ಮೊದಲ ವಾರ. ರಾಮಪತ್ರೆ ಜಾಯಿಕಾಯಿ ಜಾತಿಯ ಮರ; ಅದು ಬೆಳೆಯುವ ಕಾಡಿನ ಜೌಗು ನೆಲವೇ ಜಡ್ಡಿ. ನಾವು ಬೀಜ ಆರಿಸುವ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದ ವ್ಯಾಪ್ತಿಯಲ್ಲಿದೆ. ಹಾಗಾಗಿ ಅರಣ್ಯ ಇಲಾಖೆಯ ಅನುಮತಿ ಮೊದಲು, ಬುಟ್ಟಿ ಆಮೇಲೆ. ಮರದ ಮೇಲಿನ ಕಾಯಿ ಮಂಗಟ್ಟೆಯ ಪಾಲು. ನಾವು ಆರಿಸಿದ್ದು ಉದುರಿದ್ದನ್ನು ಮಾತ್ರ, ಅದರಲ್ಲೂ ಅರ್ಧ ಅಲ್ಲೇ ಬಿಟ್ಟು.

ಬೀಜವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ಗಲಗಲ ಅಂದರೆ ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಂಡಿದೆ ಎಂದರ್ಥ, ಅದು ಮೊಳೆಯುವುದಿಲ್ಲ. ರಾಮಪತ್ರೆ ಜಾತಿಯ ಬೀಜ ಭತ್ತ, ರಾಗಿಯ ಹಾಗೆ ಒಣಗಿಸಿ ಇಡುವಂಥದ್ದಲ್ಲ. ಗೋಣಿಚೀಲದಲ್ಲಿ ಬಿಸಿಲಿಗಿಟ್ಟರೆ ಕೆಲವೇ ದಿನಗಳಲ್ಲಿ ಸಾಯುತ್ತದೆ. ಪ್ಲಾಸ್ಟಿಕ್ ಚೀಲದ ಬಾಯಿ ಬಿಗಿದರೆ ಬೂಸಲು. ಒದ್ದೆ ತರಗೆಲೆಯಲ್ಲಿ ಸುತ್ತಿ ತಂದು, ಬೀಜಕ್ಕೆ ಸುತ್ತಿಕೊಂಡ ಕೆಂಪು ಪತ್ರೆಯನ್ನು ಬಿಡಿಸಿ ತೊಳೆದು, ಅಂದೇ ಬಿತ್ತಿದೆವು. ಸೂಜಿಯಷ್ಟು ತೂತು ಕಂಡರೂ ಒಳಗೆ ಹುಳು ಇದೆ, ಎಸೆಯಿರಿ.

ಮಡಿ: ಹೊಳೆಮರಳು, ಮೇಲೆ ಅಡಿಕೆ ಸೋಗೆಯ ನೆರಳು. ಬೀಜವನ್ನು ಅಡ್ಡ ಮಲಗಿಸಿ 2–3 ಸೆಂ.ಮೀ. ಆಳಕ್ಕೆ ಊರಬೇಕು. ಮರಳು ತೇವವಾಗಿರಲಿ, ನೀರು ನಿಲ್ಲದಿರಲಿ. ಇಲಿ, ಹೆಗ್ಗಣಕ್ಕೆ ತಂತಿಬಲೆಯೇ ಮದ್ದು, ಬೇರೆ ಉಪಾಯವೆಲ್ಲ ಸುಮ್ಮನೆ.

ಆರನೇ ವಾರ. ಮರಳು ಬಿರಿದಿದೆ. ಇಲ್ಲಿ ಅವಸರ ಮಾಡಿ ಮಡಿ ಕೆದಕಿದವರೇ ಹೆಚ್ಚು ಬೀಜ ಕಳೆದುಕೊಳ್ಳುವುದು. ಮೊಳಕೆಗೆ ತಿಂಗಳು ಮೀರಿ ಹಿಡಿಯುವುದು ಸಹಜ, ಮತ್ತು ಚಿಗುರಿಗಿಂತ ಮೊದಲು ತಾಯಿಬೇರು ಇಳಿದಿರುತ್ತದೆ. ಅದರ ತುದಿ ಮುರಿದರೆ ಸಸಿ ಸೊರಗುತ್ತದೆ.

ಹತ್ತನೇ ವಾರ. ಎರಡೆಲೆ ಬಂದವನ್ನು ಕೊಟ್ಟೆಗೆ (ಮಣ್ಣು ತುಂಬಿದ ಸಸಿಚೀಲ) ಹಾಕುತ್ತಿದ್ದೇವೆ. ಕೊಟ್ಟೆ ಕನಿಷ್ಠ 25 ಸೆಂ.ಮೀ. ಉದ್ದ ಇರಬೇಕು, ಗಿಡ್ಡದರಲ್ಲಿ ಬೇರು ತಳಕ್ಕೆ ತಾಗಿ ಸುರುಳಿ ಸುತ್ತುತ್ತದೆ. ಎರಡು ಪಾಲು ಕಾಡಿನ ಮೇಲ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕೊಳೆತ ದರಕು (ತರಗೆಲೆ).

ನೆಡುವ ಜಾಗದ ಗುರುತೂ ಆಯಿತು. ಜಡ್ಡಿಯೆಂದರೆ ಸದಾ ಕೆಸರು ಎಂದು ಹೊಂಡದಲ್ಲಿ ನೆಟ್ಟರೆ ಎಳೆ ಸಸಿ ಉಸಿರುಕಟ್ಟುತ್ತದೆ. ದೊಡ್ಡ ಮರಗಳು ಕೆಸರಿನಿಂದ ಮಂಡಿಬೇರು ಎತ್ತಿ ಗಾಳಿ ಪಡೆಯುತ್ತವೆ. ಸಸಿಗೆ ಆ ಬೇರು ಇನ್ನೂ ಇಲ್ಲ. ಆದ್ದರಿಂದ ನೀರು ಮೆಲ್ಲಗೆ ಹರಿಯುವ ಅಂಚಿನ ದಿಬ್ಬವೇ ಸರಿ, ಅದೂ ಮೇಲೆ ನೆರಳಿದ್ದರೆ. ಗಂಡು, ಹೆಣ್ಣು ಬೇರೆ ಬೇರೆ ಮರ, ಸಸಿಯಲ್ಲಿ ಗೊತ್ತಾಗುವುದಿಲ್ಲ. ಒಂಟಿಯಾಗಿ ನೆಡದೆ ಐದಾರನ್ನು ಗುಂಪಾಗಿ ನೆಡುವುದು ಅದಕ್ಕೇ.

ಬಾಕಿ: ಮೇಲಿನ ತೋಟಕ್ಕೆ ಹಳ್ಳ ತಿರುಗಿಸಿರುವ ಕಾಲುವೆ. ಅದು ಹಾಗೇ ಇದ್ದರೆ ಬೇಸಿಗೆಯಲ್ಲಿ ಈ ಅಂಚು ಒಣಗುತ್ತದೆ. ತೋಟದವರೊಂದಿಗೆ ಮಾತುಕತೆ ಮುಗಿಯುವವರೆಗೆ ಸಸಿ ಕೊಟ್ಟೆಯಲ್ಲೇ.